ಗೇರುಸೊಪ್ಪೆಯ ರಾಣಿಗೆ ಸಿವ್ 6ರಲ್ಲಿ ಒಂದು ರಾಜ್ಯ: ಎಲ್ಲಿ ಎಡವಿದ್ದೇನೆ ನೋಡಿ

ಬೆಟ್ಟದಂಚು (ಶಿರಸಿ)

ಮೂರು ತಿಂಗಳಿಂದ ಸಿವಿಲೈಸೇಶನ್ 6 (ಸಿವ್ 6) ಅನ್ನುವ ಕಂಪ್ಯೂಟರ್ ಆಟಕ್ಕೆ ಒಂದು ಮಾಡ್, ಅಂದರೆ ಆಟಗಾರರೇ ಮಾಡಿ ಸೇರಿಸುವ ಭಾಗ, ಮಾಡುತ್ತಿದ್ದೇನೆ. ರಾಜ್ಯ ಗೇರುಸೊಪ್ಪೆ, ನಾಯಕಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದವಳು. ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದವಳು. ಆಟದಲ್ಲಿ ಭಾರತ ಅಂದರೆ ಗಾಂಧಿ ಮತ್ತು ಚಂದ್ರಗುಪ್ತ. ಸಿವ್ 7ರಲ್ಲಿ ಚೋಳರು ಬಂದರು. ಏಜ್ ಆಫ್ ಎಂಪೈರ್ಸ್ 2ರಲ್ಲಿ 2022ರಲ್ಲಿ 'ದ್ರಾವಿಡಿಯನ್ಸ್' ಅಂತ ಮಾಡಿ ದಕ್ಷಿಣದವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದರು. ಯಾರೋ ಮಾಡಲಿ ಅಂತ ಕಾದು ಸಾಕಾಗಿ ನಾನೇ ಕೂತೆ.

ಈಗ ಹೀಗಿದೆ:

ರಾಜ್ಯದ ಶಕ್ತಿ: ಮಸಾಲೆ ಇರುವ ಪ್ರತಿ ಪ್ಲಾಂಟೇಶನ್ನಿಗೆ 4 ಚಿನ್ನ, 2 ಸಂಸ್ಕೃತಿ, 1 ಶ್ರದ್ಧೆ. ರಾಣಿಯ ಶಕ್ತಿ: ಹೊರದೇಶದ ವ್ಯಾಪಾರ ದಾರಿಗೆ 5 ಚಿನ್ನ, ಹಡಗುಗಳಿಗೆ 5 ಬಲ, ಕೋಟೆಗೆ 10 ಬಲ. ವಿಶೇಷ ಕಟ್ಟಡ ಚತುರ್ಮುಖ ಬಸದಿ. ವಿಶೇಷ ಸೈನಿಕ ಬೆಟ್ಟದ ಬಿಲ್ಲುಗಾರ, ಕಾಡಿನಲ್ಲಿ ಓಡಾಡಲು ತಡೆಯಿಲ್ಲ.

ಇಷ್ಟೆಲ್ಲ ಕೊಟ್ಟೆ. ಆದರೆ ಆಡಲು ಬೇಜಾರು! ನೂರನೇ ಸರದಿಗೆ ಖರ್ಚು ಮಾಡಲಾಗದಷ್ಟು ಚಿನ್ನ. ಯೋಚಿಸುವ ಕೆಲಸವೇ ಇಲ್ಲ, ಸುಮ್ನೆ 'ಮುಂದಿನ ಸರದಿ' ಒತ್ತುತ್ತಾ ಕೂರುವುದು. ನಿನ್ನೆ ಪರೀಕ್ಷೆಗೆ ಅಂತ ಮೂರು ತಾಸು ಆಡಿದೆ, ಮಳೆಗೆ ಕರೆಂಟು ಹೋಗಿ ಎಲ್ಲ ಹೋಯಿತು. ನಿಜ ಹೇಳಬೇಕೆಂದರೆ ಅಷ್ಟೇನೂ ಬೇಸರ ಆಗಲಿಲ್ಲ. ಅದೇ ಚಿಂತೆ.

ಕಾಳಿದಂಡೆ (ಕಾರವಾರ)

ಒಳ್ಳೆ ಕೆಲಸ. ಆದರೆ ಮೊದಲು ಕದಂಬ ಮಾಡಬೇಕಿತ್ತು ಅಲ್ವಾ? ಬನವಾಸಿ ನಿಮ್ಮ ಶಿರಸಿ ತಾಲೂಕಿನಲ್ಲೇ ಇದೆ. ನಮ್ಮಲ್ಲಿ ನೌಕಾನೆಲೆಗೇ ಕದಂಬ ಅಂತ ಹೆಸರಿಟ್ಟಿದ್ದಾರೆ. ಕನ್ನಡದ ಮೊದಲ ರಾಜಮನೆತನ ಬಿಟ್ಟು ಮೆಣಸು ಮಾರಿದವರಿಂದ ಶುರು ಮಾಡುವುದಾ?

ಬೆಟ್ಟದಂಚು (ಶಿರಸಿ)

ನಮ್ಮ ಮನೆಯಲ್ಲೂ ಮೆಣಸೇ ಮಾರುವುದು ಮಾರಾಯ್ರೆ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ನೋಡುತ್ತಾ ಬೆಳೆದವನು ನಾನು. ಅದಕ್ಕೇ ಅಲ್ಲಿಂದ ಶುರು.

ಕಗ್ಗದಗದ್ದೆ (ಕುಮಟಾ)

ತಮ್ಮಾ, ನಾನು ಸಿವ್ 5ರ ಕಾಲದಿಂದ ಮಾಡ್ ಮಾಡುತ್ತಿದ್ದೇನೆ. ಪ್ರಕಟಿಸಿದ್ದು ಎರಡೇ, ಅರ್ಧಕ್ಕೆ ಬಿಟ್ಟದ್ದು ಹತ್ತಾದರೂ ಇರಬೇಕು. ಬಿಟ್ಟವೆಲ್ಲ ನಿನ್ನ ಪಟ್ಟಿಯ ಹಾಗೇ ಇದ್ದವು. ಅದು ಸನ್ಮಾನ ಪತ್ರ. ರಾಣಿ ಶ್ರೀಮಂತೆ, ಅದಕ್ಕೆ ಚಿನ್ನ. ಶೂರಳು, ಅದಕ್ಕೆ ಬಲ. ಧರ್ಮವಂತೆ, ಅದಕ್ಕೆ ಶ್ರದ್ಧೆ. ಹೊಗಳಿಕೆ ಎಲ್ಲ ಸಂಖ್ಯೆಯಾಯಿತು, ಆಟ ಆಗಲಿಲ್ಲ.

ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುವುದು: ಈ ರಾಜ್ಯಕ್ಕೆ ರಾತ್ರಿ ನಿದ್ದೆ ಬರದಂತೆ ಮಾಡಿದ್ದು ಏನು? ಆಟಗಾರನಿಗೂ ಅದೇ ತಲೆನೋವು ಬರಬೇಕು.

ಚೆನ್ನಭೈರಾದೇವಿಯ ತಲೆನೋವು ನೋಡು. ಮೆಣಸು ಬೆಳೆಯುವುದು ಘಟ್ಟದಲ್ಲಿ. ಕೊಳ್ಳುವವರು ಬರುವುದು ಕಡಲಿನಲ್ಲಿ. ರಾಜಧಾನಿ ಎರಡೂ ಅಲ್ಲ, ಹೊನ್ನಾವರದಿಂದ ಶರಾವತಿಯಲ್ಲಿ ಮೇಲೆ ಹೋದರೆ ಸಿಗುವ ಊರು. ಕಡಲಿನಲ್ಲಿ ಪೋರ್ಚುಗೀಸರು. ಅವರ ಕಾರ್ತಾಜ್, ಅಂದರೆ ರಹದಾರಿ ಪತ್ರ, ಇಲ್ಲದ ಹಡಗು ಸಿಕ್ಕರೆ ಮುಟ್ಟುಗೋಲು. ಬೆನ್ನಿಗೆ ಕೆಳದಿಯವರು. ಕೊನೆಗೆ ಆಕೆಯನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ, ಕೆಳದಿಯ ವೆಂಕಟಪ್ಪ ನಾಯಕ. ಸತ್ತದ್ದು ಸೆರೆಯಲ್ಲಿ.

ಇನ್ನೊಂದು. ಆಕೆ ಮೆಣಸು ಹೊತ್ತುಕೊಂಡು ಲಿಸ್ಬನ್ನಿಗೆ ಹೋಗಲಿಲ್ಲ. ಅವರೇ ಬಂದು ಕೊಂಡರು. ನೀನು ವ್ಯಾಪಾರ ದಾರಿಯ ಶಕ್ತಿಯನ್ನು ತಿರುವು ಹಾಕಿದ್ದೀಯ. ಆಕೆ ಕಳಿಸುವ ದಾರಿಗೆ ಏನೂ ಬೇಡ, ಆಕೆಯ ಊರಿಗೆ ಬರುವ ದಾರಿಗೆ ಚಿನ್ನ ಕೊಡು. ಕ್ಲಿಯೋಪಾತ್ರಳಿಗೆ ಈಗಾಗಲೇ ಅಂಥದ್ದಿದೆ: ಬೇರೆಯವರ ವ್ಯಾಪಾರಿ ಈಜಿಪ್ಟಿಗೆ ಬಂದರೆ ಅವರಿಗೆ ಆಹಾರ, ಇವಳಿಗೆ ಚಿನ್ನ. ಆ ಸಾಲುಗಳನ್ನು ನೋಡಿ ಬರೆದುಕೊ.

ಆಗ ಏನಾಗುತ್ತದೆ? ಚಿನ್ನ ಬರಬೇಕಾದರೆ ಬೇರೆಯವರು ಬರಬೇಕು. ಬಂದವರು ಶ್ರೀಮಂತರಾಗುತ್ತಾರೆ, ಹಡಗು ಕಟ್ಟುತ್ತಾರೆ, ಒಂದು ದಿನ ಆ ಹಡಗು ನಿನ್ನ ಕಡೆಗೇ ತಿರುಗುತ್ತದೆ. ಯುದ್ಧ ಶುರುವಾದ ಕೂಡಲೇ ಆ ದಾರಿ ನಿಂತಿತು, ಚಿನ್ನವೂ ನಿಂತಿತು. ನಿನ್ನ ಅತಿ ದೊಡ್ಡ ಗಿರಾಕಿಯೇ ನಿನ್ನ ಅತಿ ದೊಡ್ಡ ಶತ್ರು. ಇನ್ನು 'ಮುಂದಿನ ಸರದಿ' ಸುಮ್ನೆ ಒತ್ತು ನೋಡೋಣ.

ಕಾಳಿದಂಡೆ (ಕಾರವಾರ)

ಅಕ್ಕ, ಒಪ್ಪುವುದಿಲ್ಲ. ಪೋರ್ಚುಗೀಸರ ಎದುರು ಅಷ್ಟು ವರ್ಷ ನಿಂತವಳನ್ನು ಅಂಗಡಿ ಗಲ್ಲಾದಲ್ಲಿ ಕೂರಿಸಿದ ಹಾಗಾಯಿತು. ಮಕ್ಕಳು ಆಡಿ ಏನು ಕಲಿಯುತ್ತಾರೆ? ಬಂದವರಿಗೆ ಮೆಣಸು ತೂಗಿ ಕೊಟ್ಟಳು ಅಂತಲಾ?

ಕಗ್ಗದಗದ್ದೆ (ಕುಮಟಾ)

ಗಲ್ಲಾದಲ್ಲಿ ಕೂತು 54 ವರ್ಷ ರಾಜ್ಯ ಉಳಿಸಿಕೊಂಡದ್ದು ಸಣ್ಣ ವಿಷಯವಾ? ಕತ್ತಿ ಹಿಡಿದವರು ಆಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಕ್ಕದ ಮನೆಯವನ ಜೊತೆ ಜಗಳ ಇಟ್ಟುಕೊಂಡೇ ಅವನಿಗೆ ಹಾಲು ಹಾಕಿ ದುಡ್ಡು ಎಣಿಸುವುದು ಎಷ್ಟು ಕಷ್ಟ ಅಂತ ಹಳ್ಳಿಯಲ್ಲಿದ್ದವರಿಗೆ ಗೊತ್ತು.

ನಿನ್ನ ಮಾತಿನಲ್ಲಿ ಒಂದು ಸರಿ ಇದೆ. ಯುದ್ಧ ಬಂದಾಗ ಆಕೆಗೆ ಏನಾದರೂ ಬೇಕು. ಮಿರ್ಜಾನ ಕೋಟೆ ಕೊಡೋಣ. ನನ್ನ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ದೂರ. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಮೆಟ್ಟಿಲಿಳಿದು ಹೋಗುವ ಬಾವಿ. ಈ ಮಳೆಯಲ್ಲಿ ಗೋಡೆ ತುಂಬ ಹಸಿರು ಪಾಚಿ, ಕಲ್ಲು ಕಾಣುವುದೇ ಇಲ್ಲ. ಊರಲ್ಲಿ ಅದನ್ನು ಮೆಣಸಿನ ರಾಣಿಯ ಕೋಟೆ ಅಂತಲೇ ಹೇಳುವುದು. ಮಧ್ಯಯುಗದ ಗೋಡೆಯ ಬದಲಿಗೆ ಅದು ಬರಲಿ. ಸಾಮಾನ್ಯ ಗೋಡೆಗಿಂತ ಅಗ್ಗ, ಅದಿದ್ದ ಊರಿಗೆ ಬರುವ ಪ್ರತಿ ದಾರಿಗೆ ಇನ್ನೊಂದು ಚಿನ್ನ. ಹಾಗಾದರೆ ಕೋಟೆಯೂ ಅದೇ ಕಥೆ ಹೇಳುತ್ತದೆ.

ಬೆಟ್ಟದಂಚು (ಶಿರಸಿ)

ಹಾಗಾದರೆ ಬಸದಿ?

ಕಗ್ಗದಗದ್ದೆ (ಕುಮಟಾ)

ತೆಗಿ. ಗೊತ್ತು, ಹೊಟ್ಟೆ ಉರಿಯುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಬಸದಿ, ಕಾಡಿನ ನಡುವೆ ಅದನ್ನು ನೋಡಿದವರಿಗೆ ಬಿಡಲು ಮನಸ್ಸಾಗುವುದಿಲ್ಲ. ನಾಯಕಿಯ ಹಿಂದಿನ ಚಿತ್ರದಲ್ಲಿ ಇಡು. ಆಟದ ಶಕ್ತಿಯಾಗಿ ಬೇಡ.

ಭಟ್ಟರಡೇಟಾ (ಯಲ್ಲಾಪುರ, ಈಗ ಬೆಂಗಳೂರು)

ಕಥೆ ಚೆನ್ನಾಗಿದೆ, ಈಗ ಕೆಲಸದ ಮಾತು. ಹೊಸಬರೂ ಓದುತ್ತಿರಬಹುದು, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಸಿವ್ 6 ಒಳಗಿನಿಂದ ಒಂದು ದೊಡ್ಡ ಡೇಟಾಬೇಸ್, ಅಷ್ಟೆ. ಎಕ್ಸ್‌ಎಂಎಲ್‌ನಲ್ಲಿ ಬರೆಯಿರಿ ಅಥವಾ ಎಸ್‌ಕ್ಯೂಎಲ್‌ನಲ್ಲಿ ಬರೆಯಿರಿ, ಕೊನೆಗೆ ಅದೇ ಟೇಬಲ್‌ಗಳಿಗೆ ಹೋಗಿ ಕೂರುತ್ತದೆ. ರಾಜ್ಯಕ್ಕೆ ಒಂದು ಟ್ರೇಟ್ (ಗುಣ), ಟ್ರೇಟ್‌ಗೆ ಮಾಡಿಫೈಯರ್ (ಆ ಗುಣದ ಪರಿಣಾಮ), ಮಾಡಿಫೈಯರ್‌ಗೆ ಆರ್ಗ್ಯುಮೆಂಟ್. 'ಎಷ್ಟು ಚಿನ್ನ' ಅನ್ನುವುದು ಆರ್ಗ್ಯುಮೆಂಟ್. 'ಯಾವ ಊರಿಗೆ, ಯಾವಾಗ' ಅನ್ನುವುದು ರಿಕ್ವೈರ್ಮೆಂಟ್ ಸೆಟ್. ನಾಲ್ಕು ಕೊಂಡಿ. ಒಂದು ಕಳಚಿದರೂ ಶಕ್ತಿ ಕೆಲಸ ಮಾಡುವುದಿಲ್ಲ, ಆಟ ಮಾತ್ರ ಕೆಲವೊಮ್ಮೆ ಏನೂ ಆಗದವರ ಹಾಗೆ ಓಡುತ್ತದೆ.

ಆರಂಭದ ಜಾಗಕ್ಕೆ ಸ್ಟಾರ್ಟ್ ಬಯಾಸ್ ಅಂತ ಬೇರೆ ಟೇಬಲ್‌ಗಳಿವೆ. 1 ಅಂದರೆ ಬಲವಾದ ಒಲವು, 5 ಅಂದರೆ ಇದ್ದೂ ಇಲ್ಲದ ಹಾಗೆ. ಗೇರುಸೊಪ್ಪೆಗೆ ನದಿ 2, ಮಸಾಲೆ 3 ಕೊಡಿ. ಎಲ್ಲದಕ್ಕೂ 1 ಕೊಡಬೇಡಿ.

ರಾಜ್ಯ ಎರಡು ಕಡೆ ನೋಂದಣಿ ಆಗಬೇಕು. ಮೊದಲ ಪರದೆಯಲ್ಲಿ ನಾಯಕಿಯನ್ನು ಆರಿಸಲು ಒಂದು ಕಡೆ, ಆಟದ ಒಳಗೆ ಇನ್ನೊಂದು ಕಡೆ. ಪಟ್ಟಿಯಲ್ಲಿ ಹೆಸರೇ ಕಾಣುತ್ತಿಲ್ಲ ಅಂದರೆ ನೂರಕ್ಕೆ ತೊಂಬತ್ತು ಸಲ ಮೊದಲನೆಯದು ತಪ್ಪಿರುತ್ತದೆ.

ಬೆಟ್ಟದಂಚು (ಶಿರಸಿ)

ಭಟ್ರೆ, ಕ್ಲಿಯೋಪಾತ್ರಳ ಸಾಲು ನೋಡಿ ಬರೆದೆ. ಆಟ ಓಡುತ್ತದೆ. ಆದರೆ ರಾಣಿಗೆ ಚಿನ್ನ ಬರುತ್ತಿಲ್ಲ, ಊರುಗಳ ಹೆಸರೂ ಬರುತ್ತಿಲ್ಲ. ನಿನ್ನೆ ರಾತ್ರಿ ಎರಡು ಗಂಟೆಯವರೆಗೆ ಕೂತೆ.

ಭಟ್ಟರಡೇಟಾ (ಯಲ್ಲಾಪುರ, ಈಗ ಬೆಂಗಳೂರು)

ಆಟ ತನಗೆ ಸಿಕ್ಕ ತಪ್ಪುಗಳನ್ನು ಬರೆದಿಡುವ ಡೇಟಾಬೇಸ್ ಲಾಗ್ ಫೈಲ್ ತೆಗೆದು ನೋಡಿದ್ರಾ? ಆಟ ಶುರುವಾದ ಮೇಲೆ ಅದರಲ್ಲಿ 'ಫಾರಿನ್ ಕೀ' ಅಂತ ಏನಾದರೂ ಇದ್ದರೆ, ಒಂದು ಟೇಬಲ್ ಕೇಳುತ್ತಿರುವ ಹೆಸರು ಇನ್ನೊಂದರಲ್ಲಿ ಇಲ್ಲ ಎಂದರ್ಥ. ಮಾಡ್ ಮಾಡುವವರಲ್ಲಿ ಅರ್ಧಕ್ಕರ್ಧ ಜನ ಈ ಫೈಲ್ ತೆಗೆಯದೇ ಒದ್ದಾಡುತ್ತಾರೆ.

ಬೆಟ್ಟದಂಚು (ಶಿರಸಿ)

ಸಿಕ್ಕಿತು! ನಗಬೇಡಿ. ಇಂಗ್ಲಿಷಿನಲ್ಲಿ ಗೇರುಸೊಪ್ಪೆ ಬರೆಯುವಾಗ ಒಂದು ಫೈಲಿನಲ್ಲಿ 'ಆರ್' ಆದ ಮೇಲೆ 'ಯು' ಹಾಕಿದ್ದೇನೆ, ಇನ್ನೊಂದರಲ್ಲಿ ಇಲ್ಲ. ಜೋಗಕ್ಕೆ ಬ್ರಿಟಿಷರು ಗೆರ್ಸೊಪ್ಪಾ ಫಾಲ್ಸ್ ಅನ್ನುತ್ತಿದ್ದರಲ್ಲ, ಆ ಸ್ಪೆಲ್ಲಿಂಗ್ ತಲೆಯಲ್ಲಿ ಉಳಿದುಬಿಟ್ಟಿತ್ತು. ಹದಿನೇಳು ಕಡೆ ತಿದ್ದಿದೆ. ಈಗ ಹೊನ್ನಾವರ, ಭಟ್ಕಳ, ಮಿರ್ಜಾನ, ಹಾಡುವಳ್ಳಿ ಎಲ್ಲ ಬಂದವು.

ಬಲೆಬೀಸಿದವ (ಹೊನ್ನಾವರ)

ಹೊನ್ನಾವರ ಎರಡನೇ ಊರು ತಾನೆ? ಮೂರನೆಯದಾದರೆ ಗಲಾಟೆ ಆಗುತ್ತದೆ.

ಒಂದು ಸಲಹೆ. ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಮ್ಮೂರಿಗೆ ಬಂದಿದ್ದ. ಇಲ್ಲಿ ಗಂಡುಮಕ್ಕಳ 23 ಶಾಲೆ, ಹೆಣ್ಣುಮಕ್ಕಳ 13 ಶಾಲೆ ಕಂಡೆ ಎಂದು ಬರೆದಿದ್ದಾನೆ. ಆ ಕಾಲದಲ್ಲಿ ಹೆಣ್ಣುಮಕ್ಕಳ 13 ಶಾಲೆ! ಹೊನ್ನಾವರಕ್ಕೆ ವಿಜ್ಞಾನ ಕೊಡಬೇಕು.

ಬೆಟ್ಟದಂಚು (ಶಿರಸಿ)

ಹೊನ್ನಾವರ ಎರಡನೆಯದೇ, ಚಿಂತೆ ಬೇಡ. ಶಾಲೆಯ ವಿಷಯ ಗೊತ್ತಿರಲಿಲ್ಲ. ಆದರೆ ಅದು ರಾಣಿಗಿಂತ ಎರಡು ಶತಮಾನ ಹಿಂದಿನದು, ಆಗ ಅಲ್ಲಿ ಆಳುತ್ತಿದ್ದವರೂ ಬೇರೆ.

ಕಗ್ಗದಗದ್ದೆ (ಕುಮಟಾ)

ಹಾಗಾದರೆ ಬೇರೆಯೇ ಮಾಡು. ಹೊನ್ನಾವರ ಒಂದು ನಗರ-ರಾಜ್ಯ, ವಿಜ್ಞಾನದ ಬಗೆಯದ್ದು. ಗೇರುಸೊಪ್ಪೆ ಆ ಆಟದಲ್ಲಿ ಇಲ್ಲದಾಗ ಮಾತ್ರ ಬರಲಿ. ನಗರ-ರಾಜ್ಯ ಮಾಡುವುದು ಪೂರ್ತಿ ರಾಜ್ಯ ಮಾಡುವುದಕ್ಕಿಂತ ಸುಲಭ. ಮೊದಲ ಸಲ ಮಾಡ್ ಮಾಡುವವರು ಅಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ. ಯಾರೂ ಕೇಳುವುದಿಲ್ಲ, ಎಲ್ಲರಿಗೂ ರಾಜ್ಯವೇ ಬೇಕು.

ಬಲೆಬೀಸಿದವ (ಹೊನ್ನಾವರ)

ಆ ನಗರ-ರಾಜ್ಯ ನಾನೇ ಮಾಡುತ್ತೇನೆ. ಮಹಾ ನೌಕಾಧಿಪತಿಗಳ ಪಟ್ಟಿಗೆ ತಿಮ್ಮೋಜನನ್ನೂ ಸೇರಿಸುತ್ತೇನೆ. 1510ರಲ್ಲಿ ಗೋವೆ ಹಿಡಿಯಲು ಪೋರ್ಚುಗೀಸರ ಅಲ್ಬುಕರ್ಕ್‌ನ ಜೊತೆಗೂಡಿದ ಹೊನ್ನಾವರದವನು. ಕಡಲುಗಳ್ಳ ಅನ್ನುವವರು ಅನ್ನಲಿ.

ಕಾಳಿದಂಡೆ (ಕಾರವಾರ)

ಊರುಗಳ ಪಟ್ಟಿಯಲ್ಲಿ ಶಿರಸಿ ಇಲ್ಲವಲ್ಲ?

ಬೆಟ್ಟದಂಚು (ಶಿರಸಿ)

ಹೇಳಿ ನೋವು ಮಾಡಬೇಡಿ. ರಾಣಿಯ ಕಾಲಕ್ಕೆ ನಮ್ಮ ಕಡೆ ಸೋದೆಯ ಅರಸಪ್ಪ ನಾಯಕನದು, 1555ರಿಂದ 1598. ಮಾರಿಕಾಂಬೆಯ ಗುಡಿಯೂ 1688ರದ್ದು, ರಾಣಿಯ ಆಳ್ವಿಕೆ ಮುಗಿದು 82 ವರ್ಷದ ಮೇಲೆ. ನಾನು ಮಾಡುತ್ತಿರುವ ರಾಜ್ಯದಲ್ಲಿ ನನ್ನ ಊರೇ ಇಲ್ಲ. ಅಮ್ಮ ಕೇಳಿ, 'ಹಾಗಾದರೆ ಯಾರ ಮನೆ ಕೆಲಸ ಮಾಡ್ತಾ ಇದ್ದೀಯ?' ಅಂದಳು.

ಬಲೆಬೀಸಿದವ (ಹೊನ್ನಾವರ)

ಬೇಡರ ವೇಷ ಹಾಕಿ. ಯಕ್ಷಗಾನ ಹಾಕಿ. ಅಪ್ಪೆಹುಳಿ ಕುಡಿದರೆ ಸೈನಿಕರ ಗಾಯ ಮಾಯುವ ಹಾಗೆ ಮಾಡಿ.

ಕಾಳಿದಂಡೆ (ಕಾರವಾರ)

ನಮ್ಮ ಸಿಹಿತಿಂಡಿ ತೊಡದೇವು ಐಷಾರಾಮಿ ವಸ್ತು. ಮಳೆಗಾಲದಲ್ಲಿ ಮೀನು ಸಿಗದಿದ್ದರೆ ಕರಾವಳಿಯ ಊರುಗಳಲ್ಲಿ ಅತೃಪ್ತಿ.

ಕಗ್ಗದಗದ್ದೆ (ಕುಮಟಾ)

ಇದು ಮಾರಿಜಾತ್ರೆ ಪೇಟೆಯಾಯಿತು. ಎಲ್ಲ ಅಂಗಡಿಯೂ ಒಂದೇ ಬೀದಿಗೆ ಬೇಕಾ?

ಆದರೆ ನನ್ನದೂ ಒಂದು ಅಂಗಡಿ ಇದೆ, ಕ್ಷಮಿಸಿ. ಬಿಲ್ಲುಗಾರನನ್ನೂ ತೆಗೆದು ಅದರ ಜಾಗದಲ್ಲಿ ಗಜನಿ ಹಾಕು. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಅಘನಾಶಿನಿ ಕಡಲು ಸೇರುವ ಕಡೆ ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿ ಏರಿ ಕಟ್ಟಿ ಗದ್ದೆ ಮಾಡಿದ್ದಾರೆ, ಅದೇ ಗಜನಿ. ಏರಿಯಲ್ಲಿ ನೀರು ಬಿಡುವ ಬಾಗಿಲು ಇರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪು ತೊಳೆಯುತ್ತದೆ, ಆಗ ಕಗ್ಗ ಭತ್ತ. ಉಪ್ಪನ್ನೂ ತಡೆಯುತ್ತದೆ, ನೆರೆ ನಿಂತರೂ ಸಾಯುವುದಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಾರೆ, ಅದರ ಜೊತೆ ಸಿಗಡಿ, ಮೀನು. ಚಿಕ್ಕವಳಿದ್ದಾಗ ಅಜ್ಜನ ಜೊತೆ ಹೋಗುತ್ತಿದ್ದೆ. ನೀರು ಇಳಿಯುವ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ, ಅಜ್ಜ ಬೀಡಿ ಹಚ್ಚಿ ಕೂರುತ್ತಿದ್ದ. ಮೀನು ತಾನಾಗಿ ಬಂದು ಬೀಳುತ್ತಿತ್ತು. ಬ್ಯಾಟರಿ ಹಿಡಿಯುವುದು ನನ್ನ ಕೆಲಸ.

ಆಟದಲ್ಲಿ ಡಚ್ಚರಿಗೆ ಪೋಲ್ಡರ್ ಇದೆ. ಅವರು ಕಡಲನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿಬಿಟ್ಟರು. ನಮ್ಮವರು ಅರ್ಧ ವರ್ಷ ಹೊರಗಿಟ್ಟು ಅರ್ಧ ವರ್ಷ ಒಳಗೆ ಕರೆಯುತ್ತಾರೆ. ಹಾಗಾಗಿ ಗಜನಿ ಕಡಲಿಗೆ ತಾಗಿದ ಬಯಲಿನಲ್ಲಿ ಮಾತ್ರ. 1 ಆಹಾರ, ಪಕ್ಕದ ಪ್ರತಿ ಮೀನುದೋಣಿಗೆ ಇನ್ನೊಂದು. ಮಸಾಲೆ ಬೆಟ್ಟಕ್ಕೆ ಎಳೆಯುತ್ತದೆ, ಗಜನಿ ಕಡಲಿಗೆ ಎಳೆಯುತ್ತದೆ. ಎಲ್ಲಿ ಊರು ಕಟ್ಟಬೇಕು ಅಂತ ಆಟಗಾರ ತಲೆ ಕೆರೆದುಕೊಳ್ಳಲಿ.

ಭಟ್ಟರಡೇಟಾ (ಯಲ್ಲಾಪುರ, ಈಗ ಬೆಂಗಳೂರು)

ಮಾಡಬಹುದು. ಇಂಡೋನೇಷ್ಯಾದ ಕಂಪೋಂಗ್ ಬರೆದಿರುವ ರೀತಿ ನೋಡಿ. ಅದು ನೀರಿನ ಮೇಲೆ ಕಟ್ಟುವುದು, ನಿಮ್ಮದು ನೆಲದ ಮೇಲೆ, ಆದರೆ ಪಕ್ಕದ ಮೀನುದೋಣಿಗೆ ಆಹಾರ ಲೆಕ್ಕ ಹಾಕುವ ಕ್ರಮ ಅಲ್ಲೇ ಸಿಗುತ್ತದೆ. ಋತುವಿಗೆ ತಕ್ಕಂತೆ ಬದಲಾಗಬೇಕು ಅಂತ ಆಸೆ ಪಡಬೇಡಿ. ಒಂದು ಸರದಿ ಅಂದರೆ ಎಷ್ಟೋ ವರ್ಷ, ಅದರಲ್ಲಿ ಮಳೆಗಾಲ ಎಲ್ಲಿಂದ ತರುವುದು?

ಬೆಟ್ಟದಂಚು (ಶಿರಸಿ)

ಗಜನಿ ಖಾಯಂ. ಈಗ ರಾಣಿಯ ಮುಖದ ಸಮಸ್ಯೆ. ನೋಡಿ ಬರೆಯಲು ಆಕೆಯ ಕಾಲದ ಚಿತ್ರ ಒಂದೂ ಸಿಗಲಿಲ್ಲ. ಎಐಗೆ ಹೇಳಿದರೆ ಪ್ರತಿ ಸಲವೂ ರಾಜಸ್ಥಾನದ ರಾಣಿ ಬರುತ್ತಾಳೆ: ಮೂಗಿಗೆ ದೊಡ್ಡ ನತ್ತು, ಹಿಂದೆ ಮರಳುಗಾಡಿನ ಕೋಟೆ. 'ಮಳೆಕಾಡು, ಕರಾವಳಿ' ಅಂದರೆ ಅದೇ ರಾಣಿಯನ್ನು ತೆಂಗಿನಮರದ ಕೆಳಗೆ ನಿಲ್ಲಿಸಿತು.

ಕಾಳಿದಂಡೆ (ಕಾರವಾರ)

ಎಐ ಬಿಡಿ, ನಾನು ಬರೆದು ಕೊಡುತ್ತೇನೆ. ಚಿತ್ರಕಲೆ ಕಲಿತವನು ನಾನು, ಜಗಳ ಮಾಡಲಷ್ಟೇ ಬಂದಿಲ್ಲ. ಮುಖ ಪೂರ್ತಿ ತೋರಿಸುವುದಿಲ್ಲ. ಪಕ್ಕದಿಂದ, ನೆರಳಿನಲ್ಲಿ, ದೋಣಿ ಬರುವ ಕಡೆ ನೋಡುತ್ತಾ ನಿಂತಿದ್ದಾಳೆ, ಕೈಯಲ್ಲಿ ಮೆಣಸಿನ ಗೊಂಚಲು. ಬಣ್ಣ ಚಿರೇಕಲ್ಲಿನ ಕೆಂಪು ಮತ್ತು ಒಣಮೆಣಸಿನ ಕಪ್ಪು.

ಕದಂಬದ ಮಾತು ಮಾತ್ರ ಬಿಟ್ಟಿಲ್ಲ.

ಕಗ್ಗದಗದ್ದೆ (ಕುಮಟಾ)

ಒಣಮೆಣಸು ಅನ್ನಬೇಡ, ಓದಿದವರು ಕೆಂಪು ಮೆಣಸಿನಕಾಯಿ ಅಂದುಕೊಂಡಾರು. ಕಾಳುಮೆಣಸು.

ಕದಂಬವೂ ಒಳ್ಳೆಯದೇ. ಅಲ್ಲಿಯೂ ಅದೇ ಪ್ರಶ್ನೆ ಕೇಳು. ಮಯೂರಶರ್ಮ ಓದಲು ಅಂತ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ. ತಾಳಗುಂದದ ಶಾಸನ ಹೇಳುವ ಕಥೆಯೇ ಅದು. ಹಾಗಾಗಿ ಕದಂಬರ ವಿದ್ಯಾಕೇಂದ್ರದಿಂದ ಮಹಾ ಸೇನಾನಿಯ ಅಂಕ ಬರಲಿ. ಸೈನಿಕ ಶಿಬಿರ ಕಟ್ಟಲು ಮೊದಲು ಒಂದು ವಿದ್ಯಾಕೇಂದ್ರ ಇರಲೇಬೇಕು. ಅಷ್ಟು ಸಾಕು. ಸಿಂಹ, ಚಿನ್ನದ ನಾಣ್ಯ ಪದ್ಮಟಂಕ, ಮಧುಕೇಶ್ವರ ಎಲ್ಲ ಚಿತ್ರಕ್ಕೆ.

ಕಾಳಿದಂಡೆ (ಕಾರವಾರ)

ಇದು ಹೊಳೆದಿರಲಿಲ್ಲ. ನಾನು ಬರೆದಿಟ್ಟ ಪಟ್ಟಿಯಲ್ಲಿ ಒಂಬತ್ತು ಶಕ್ತಿ ಇದ್ದವು. ಹರಿದು ಹಾಕಿದೆ.

ಬೆಟ್ಟದಂಚು (ಶಿರಸಿ)

ಒಂದು ವಾರ ಬಿಟ್ಟು ಬಂದೆ. ಎರಡನೇ ಆವೃತ್ತಿ ಆಡಿದ ವರದಿ.

ಎದುರಾಳಿ ಪೋರ್ಚುಗಲ್, ನಾಯಕ ಮೂರನೇ ಜೊವಾವೊ. ಬೇಕೆಂದೇ ಹಾಕಿದ್ದು. ಅವನು 1557ರವರೆಗೆ ಆಳಿದವನು, ಅಂದರೆ ಚರಿತ್ರೆಯಲ್ಲೂ ರಾಣಿಯ ಮೊದಲ ಐದು ವರ್ಷ ಅವನೇ ಅಲ್ಲಿನ ದೊರೆ. ಜೊತೆಗೆ ಅವನ ವ್ಯಾಪಾರಿಗಳು ಹೊರದೇಶಕ್ಕೆ ಹೋಗುವುದಾದರೆ ಕರಾವಳಿಯ ಅಥವಾ ಬಂದರಿರುವ ಊರಿಗೇ ಹೋಗಬೇಕು. ಹೊನ್ನಾವರ ಕಟ್ಟಿದ ಮೇಲೆ ಅವನ ಮೂರು ದಾರಿ ನನ್ನ ಕಡೆ ಬಂದವು. ಚಿನ್ನ ಬಂತು, ಆದರೆ ಮೊದಲಿನ ಹಾಗೆ ಉಕ್ಕಲಿಲ್ಲ. 118ನೇ ಸರದಿಗೆ ಅವನ ಹಡಗು ಭಟ್ಕಳದ ಎದುರು ಬಂದು ನಿಂತವು. ಒಂದೇ ಸರದಿಯಲ್ಲಿ ಆದಾಯ ನೆಲಕ್ಕೆ ಬಿತ್ತು. ಮಿರ್ಜಾನದ ಗೋಡೆ ತಡೆಯಿತು, ಭಟ್ಕಳ ಹೋಯಿತು. ಬಿಲ್ಲುಗಾರನನ್ನು ತೆಗೆದದ್ದಕ್ಕೆ ಅಕ್ಕನಿಗೆ ಮನಸ್ಸಿನಲ್ಲೇ ಬೈದೆ. ಶಾಂತಿ ಮಾಡಿಕೊಂಡು, ಹತ್ತು ಸರದಿ ಬಿಟ್ಟು ನೋಡಿದರೆ ಅದೇ ಮನುಷ್ಯನ ವ್ಯಾಪಾರಿ ಮತ್ತೆ ಹೊನ್ನಾವರದ ಬಾಗಿಲಲ್ಲಿ. ರಾತ್ರಿ ಒಂದೂವರೆ. ಆಫ್ ಮಾಡಲು ಮನಸ್ಸಾಗಲಿಲ್ಲ.

ಆಮೇಲೆ ತಿರುಗಿಸಿ, ನಾನೇ ಪೋರ್ಚುಗಲ್ ಆಗಿ ಆಡಿದೆ. ರಾಣಿ ಕಂಪ್ಯೂಟರಿನ ಕೈಯಲ್ಲಿ. ತನ್ನಲ್ಲಿಗೆ ವ್ಯಾಪಾರಿ ಕಳಿಸಿದವರನ್ನು ಮೆಚ್ಚುವುದು, ತನ್ನ ಹತ್ತಿರದ ಕರಾವಳಿಯಲ್ಲಿ ಊರು ಕಟ್ಟಿದವರನ್ನು ದ್ವೇಷಿಸುವುದು, ಇದು ನಾನು ಕೊಟ್ಟ ಸ್ವಭಾವ. ಎರಡು ದಾರಿ ಕಳಿಸಿದೆ, ನಗುನಗುತ್ತಾ ಮಾತಾಡಿದಳು. ಆಮೇಲೆ ಅವಳ ಗಜನಿಯ ಪಕ್ಕದಲ್ಲೇ ಸಣ್ಣದೊಂದು ಊರು ಕಟ್ಟಿದೆ. ನಾಲ್ಕೇ ಸರದಿಗೆ ಖಂಡನೆ!

ಕಗ್ಗದಗದ್ದೆ (ಕುಮಟಾ)

ಗಜನಿ ಪಕ್ಕ ಬೇಲಿ ಹಾಕಿದರೆ ನಮ್ಮ ಅಜ್ಜನೂ ಅಷ್ಟೇ ಬೇಗ ಬೈಯುತ್ತಿದ್ದ. ಗೋಡೆಯ ಬೆಲೆ ಇನ್ನೂ ಸ್ವಲ್ಪ ಇಳಿಸು, ಭಟ್ಕಳ ಉಳಿಯಬಹುದು.

ಭಟ್ಟರಡೇಟಾ (ಯಲ್ಲಾಪುರ, ಈಗ ಬೆಂಗಳೂರು)

ಫೈಲ್ ಹಾಕಿ, ನಾವೂ ಆಡುತ್ತೇವೆ.

ಬೆಟ್ಟದಂಚು (ಶಿರಸಿ)

ನಾಡಿದ್ದು ಹಾಕುತ್ತೇನೆ ಭಟ್ರೆ. ನಾಳೆ ಮಳೆ ಬಿಟ್ಟರೆ ತೋಟಕ್ಕೆ ಕೊಳೆ ಮದ್ದು ಹೊಡೆಯುವವರು ಬರುತ್ತಾರೆ, ಸುಣ್ಣ ಇನ್ನೂ ತಂದಿಲ್ಲ.